ರೈಟರ್ ದಾದಾನ ಖಾಲಿ ಕೈ: ಜನ್ನತ್ ಸಿಗೋದು ಅಮಲ್‌ಗೋ, ಅಲ್ಲಾಹನ ರಹ್ಮತ್‌ಗೋ?

ಮೂಡಿಗೆರೆ ಮೊಮ್ಮಗ
ಭಾನುವಾರ, ರಾತ್ರಿ 9:12

ಎಲ್ರಿಗೂ ನಮಸ್ಕಾರ, ಸಲಾಂ. ಈ ಗುಂಪಲ್ಲಿ ಕಾಫಿ ರೇಟು, ಆನೆ ಯಾವ ಕಡೆ ಇಳೀತು, ಮೆಣಸಿನ ಬಳ್ಳಿಗೆ ಏನು ಹೊಡೀಬೇಕು, ಇಷ್ಟೇ ಮಾತು ಅಂತ ಗೊತ್ತು. ಆದ್ರೂ ಜನ್ನತ್, ಅಂದ್ರೆ ಸ್ವರ್ಗ, ಸಿಗೋದು ನಮ್ಮ ಅಮಲ್‌ಗೋ (ಒಳ್ಳೇ ಕೆಲಸ), ಅಲ್ಲಾಹನ ರಹ್ಮತ್‌ಗೋ (ಕರುಣೆ) ಅನ್ನೋದನ್ನ ಬೇರೆ ಎಲ್ಲೂ ಕೇಳೋಕೆ ಆಗ್ಲಿಲ್ಲ. ಮಸೀದಿಯಲ್ಲಿ ಕೇಳಿದ್ರೆ ದಾದಾನ ಬಗ್ಗೆ ಜನ ಏನಂದ್ಕೋತಾರೋ ಅನ್ನೋ ಹಿಂಜರಿಕೆ. ಇಲ್ಲಿ ಯಾರಿಗೂ ನಾನ್ಯಾರು ಅಂತ ಗೊತ್ತಿಲ್ಲ, ಹಾಗೇ ಇರ್ಲಿ.

ದಾದಾ ತೀರಿಕೊಂಡು ಹದಿನೇಳು ದಿನ ಆಯ್ತು. ನಮ್ಮ ತಾಲ್ಲೂಕಿನ ಒಂದು ಎಸ್ಟೇಟಲ್ಲಿ 38 ವರ್ಷ ರೈಟರ್ (ಆಳುಗಳ ಹಾಜರಿ ಬರೆಯೋ ಗುಮಾಸ್ತ) ಆಗಿದ್ದವರು. ಆಷಾಢದ ಮಳೆ ಹಗಲೂ ರಾತ್ರಿ ಹುಯ್ಯೋವಾಗಲೂ ಕೊಪ್ಪೆ ಹಾಕ್ಕೊಂಡು, ಬ್ಯಾಟರಿ ಹಿಡಿದು, ಕಾಲಿಗೆ ಹತ್ತಿದ ಜಿಗಣೆ ಕಿತ್ತು ಹಾಕ್ತಾ ಫಜರ್‌ಗೆ (ಬೆಳಗಿನ ನಮಾಜ್) ಹೋಗ್ತಿದ್ರು. ರೋಜಾ (ಉಪವಾಸ) ಒಂದೂ ಬಿಟ್ಟಿದ್ದು ನಾನು ನೋಡಿಲ್ಲ. ಹಜ್ ಆಗಿತ್ತು. ಜಕಾತ್ (ಕಡ್ಡಾಯ ದಾನ) ಲೆಕ್ಕವನ್ನ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದಷ್ಟೇ ನೀಟಾಗಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡೋರು.

ಇಂಥ ಮನುಷ್ಯ ಕೊನೇ ಹದಿನೈದು ದಿನ ಹೆದರಿಕೊಂಡೇ ಮಲಗಿದ್ರು. ನೋವಿಗೆ ಅಲ್ಲ. "ಕೈ ಖಾಲಿ ಇದೆ ಬೇಟಾ, ಏನೂ ಇಲ್ಲ" ಅನ್ನೋರು. ನಾನು "ನೀವೇ ಹೀಗಂದ್ರೆ ನಮ್ಮ ಗತಿ ಏನು ದಾದಾ" ಅಂತ ನಗಿಸೋಕೆ ನೋಡಿದೆ. ಗೋಡೆ ಕಡೆ ತಿರುಗಿಕೊಂಡ್ರು.

ಜಿಯಾರತ್ ದಿನ (ಸತ್ತವರಿಗಾಗಿ ಪ್ರಾರ್ಥಿಸೋ ದಿನ) ಬಯಾನ್ (ಪ್ರವಚನ) ಮಾಡಿದ ಹಜರತ್ (ಮೌಲವಿ) ಒಂದು ಕಥೆ ಹೇಳಿದ್ರು. ಒಬ್ಬ ಆಬಿದ್ (ಭಕ್ತ) 500 ವರ್ಷ ದ್ವೀಪದಲ್ಲಿ ಕೂತು ಇಬಾದತ್ (ಆರಾಧನೆ) ಮಾಡಿದನಂತೆ. ಖಿಯಾಮತ್ ದಿನ (ಅಂತಿಮ ತೀರ್ಪಿನ ದಿನ) ಅಲ್ಲಾಹ್ "ನನ್ನ ರಹ್ಮತ್‌ನಿಂದ ಜನ್ನತ್‌ಗೆ ಹೋಗು" ಅಂದ್ರೆ ಇವನು "ಇಲ್ಲ, ನನ್ನ ಅಮಲ್‌ನಿಂದ" ಅಂದನಂತೆ. ತೂಕ ಮಾಡಿದ್ರೆ ಕಣ್ಣು ಅನ್ನೋ ಒಂದು ನಿಅಮತ್ತಿಗೇ (ದೇವರ ಕೊಡುಗೆ) 500 ವರ್ಷದ ಇಬಾದತ್ ಮುಗಿದುಹೋಯ್ತಂತೆ. ಎಲ್ರೂ ಸುಭಾನಲ್ಲಾಹ್ ಅಂದ್ರು. ನನಗೆ ಮಾತ್ರ ಎದೆಯಲ್ಲಿ ಕಲ್ಲು ಕೂತ ಹಾಗಾಯ್ತು.

ನಾನು ರೈಟರ್ ಮೊಮ್ಮಗ. ನಮ್ಮ ಮನೇಲಿ ಹಾಜರಿ ಹಾಕಿದ್ರೆ ಬಟವಾಡೆ ಆಗ್ಲೇಬೇಕು. ಐವತ್ತು ವರ್ಷ ಹಾಜರಿ ಹಾಕಿಸಿಕೊಂಡವರಿಗೆ ಕೊನೆಗೆ "ನಿನ್ನ ಹಾಜರಿ ಲೆಕ್ಕಕ್ಕಿಲ್ಲ, ಕೊಡೋದು ನನ್ನಿಷ್ಟ" ಅಂದ್ರೆ ಅದು ಯಾವ ನ್ಯಾಯ? ತಿಳಿದವರು ಹೇಳಿ. ಸಿಟ್ಟಲ್ಲಿ ಕೇಳ್ತಿಲ್ಲ. ಸ್ವಲ್ಪ ಸಿಟ್ಟೂ ಇದೆ.

ಐದು ಹೊತ್ತು
ಭಾನುವಾರ, ರಾತ್ರಿ 9:50

ಇನ್ನಾ ಲಿಲ್ಲಾಹಿ. ಅಲ್ಲಾಹ್ ಅವರಿಗೆ ಮಗ್ಫಿರತ್ (ಕ್ಷಮೆ) ಕೊಡ್ಲಿ.

ತಮ್ಮಾ, ಅಮಲ್ ಲೆಕ್ಕಕ್ಕಿಲ್ಲ ಅಂತ ಯಾರು ಹೇಳಿದ್ದು? ಕುರ್‌ಆನ್ ತೆಗೆದು ನೋಡು. ಅಣುವಿನಷ್ಟು ಒಳ್ಳೇದು ಮಾಡಿದವನು ಅದನ್ನ ಕಾಣ್ತಾನೆ, ಅಣುವಿನಷ್ಟು ಕೆಟ್ಟದ್ದು ಮಾಡಿದವನೂ ಕಾಣ್ತಾನೆ (99:7-8). ಜನ್ನತ್ತಿನವರಿಗೆ "ನೀವು ಮಾಡ್ತಿದ್ದ ಕೆಲಸಕ್ಕಾಗಿ ಇದರ ವಾರಸುದಾರರಾದಿರಿ" ಅಂತ ಕೂಗಿ ಹೇಳಲಾಗುತ್ತೆ (7:43). ಒಂದು ಒಳ್ಳೇದಕ್ಕೆ ಹತ್ತು ಪಟ್ಟು (6:160). ಇದಕ್ಕಿಂತ ಸ್ಪಷ್ಟ ಏನು ಬೇಕು?

ಈ ರಹ್ಮತ್ ರಹ್ಮತ್ ಅನ್ನೋ ಬಯಾನುಗಳಿಂದಲೇ ಫಜರ್‌ಗೆ ಒಂದು ಸಾಲು ತುಂಬಲ್ಲ. ನಮ್ಮೂರಲ್ಲಿ ಜುಮಾ ದಿನ ಚಪ್ಪಲಿ ಬಿಡೋಕೆ ಜಾಗ ಇರಲ್ಲ, ಮಾರನೇ ದಿನ ಬೆಳಿಗ್ಗೆ ಏಳೇ ಜನ. ಕೇಳಿದ್ರೆ "ಅಲ್ಲಾಹ್ ಗಫೂರ್ (ಕ್ಷಮಿಸೋನು) ಅಲ್ವಾ ಭಾಯ್" ಅಂತಾರೆ. ಹಸನ್ ಬಸರಿ (ಹಿಂದಿನ ಕಾಲದ ವಿದ್ವಾಂಸರು, ನಿಧನ 728) ಅವರ ಹೆಸರಲ್ಲಿ ಒಂದು ಮಾತು ಹೇಳ್ತಾರೆ: ಕ್ಷಮೆಯ ಆಸೆಯಲ್ಲೇ ಮೋಸಹೋಗಿ ಬರಿಗೈಲಿ ಹೋದ ಜನ ಇದ್ದಾರೆ, "ನನ್ನ ರಬ್ (ಪ್ರಭು) ಬಗ್ಗೆ ನನಗೆ ಒಳ್ಳೇ ಭಾವನೆ ಇದೆ" ಅನ್ನೋರು, ನಿಜವಾಗಿ ಇದ್ದಿದ್ರೆ ಕೆಲಸವೂ ಒಳ್ಳೇದಿರ್ತಿತ್ತು ಅಂತ. ನಿಮ್ಮ ದಾದಾ ಅಮಲ್ ಇದ್ದವರು. ಚಿಂತೆ ಬಿಡು.

ಉಸ್ತಾದ್ ಅಲ್ಲ
ಭಾನುವಾರ, ರಾತ್ರಿ 11:05

ನಾನು ಬ್ಯಾರಿ, ಕೊಪ್ಪ ಕಡೆಯವನು. ಐದು ವರ್ಷ ದರ್ಸ್‌ನಲ್ಲಿ (ಮಸೀದಿಯ ಧರ್ಮಪಾಠ) ಓದಿ ಅರ್ಧಕ್ಕೆ ಬಿಟ್ಟು ಈಗ ಅಡಿಕೆ ವ್ಯಾಪಾರ. ಅದಕ್ಕೇ ಈ ಹೆಸರು. ತಪ್ಪಿದ್ರೆ ತಿದ್ದಿ ಮಾರಾಯ್ರೆ.

ಮೊದಲಿಗೆ ಆ 500 ವರ್ಷದ ಕಥೆ. ಅದು ಹಾಕಿಂ ಅವರ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಸಂಗ್ರಹದಲ್ಲಿ ಇದೆ, ಆದ್ರೆ ಅದರ ಸನದ್ (ಯಾರಿಂದ ಯಾರು ಕೇಳಿದ್ದು ಅನ್ನೋ ಸರಣಿ) ಗಟ್ಟಿ ಇಲ್ಲ ಅಂತ ಝಹಬಿಯಂಥ ವಿದ್ವಾಂಸರು ಆಗಲೇ ಆಕ್ಷೇಪ ಎತ್ತಿದ್ದಾರೆ. ಬಯಾನಿಗೆ ರುಚಿಯಾದ ಕಥೆ, ಬುನಾದಿ ಮಾಡಿಕೊಳ್ಳೋ ಕಥೆ ಅಲ್ಲ. ಆದ್ರೆ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯೋದಿಲ್ಲ. ಬುಖಾರಿ, ಮುಸ್ಲಿಂ ಅನ್ನೋ ಎರಡು ಸಂಗ್ರಹಗಳಲ್ಲೂ ಇರೋ ಗಟ್ಟಿ ಹದೀಸ್ ಬೇರೆ ಇದೆ. ಪ್ರವಾದಿ(ಸ) ಹೇಳಿದ್ರು: ನಿಮ್ಮಲ್ಲಿ ಯಾರನ್ನೂ ಅವನ ಅಮಲ್ ಪಾರು ಮಾಡೋದಿಲ್ಲ. "ನಿಮ್ಮನ್ನೂ ಇಲ್ವಾ?" ಅಂತ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಕೇಳಿದ್ರು. "ನನ್ನನ್ನೂ ಇಲ್ಲ, ಅಲ್ಲಾಹ್ ತನ್ನ ರಹ್ಮತ್‌ನಲ್ಲಿ ಮುಚ್ಚಿಕೊಂಡ್ರೆ ಮಾತ್ರ."

ಬಯಾನಲ್ಲಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸ್ತಾರೆ. ಹದೀಸ್ ನಿಲ್ಲೋದಿಲ್ಲ. ಮುಂದಿನ ಮಾತು ಹೀಗಿದೆ: ನೇರ ನಡೀರಿ, ಪೂರ್ತಿ ಆಗದಿದ್ರೆ ಹತ್ತಿರ ಹತ್ತಿರವಾದ್ರೂ ಬನ್ನಿ, ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ರಾತ್ರಿ ಒಂಚೂರು ನಡೀರಿ, ಹದವಾಗಿ, ಹದವಾಗಿ, ತಲುಪ್ತೀರಿ. "ಅಮಲ್ ಪಾರು ಮಾಡಲ್ಲ" ಅಂದ ಬಾಯಲ್ಲೇ "ನಡೀರಿ" ಅನ್ನೋದು. ಘಾಟಿ ಹತ್ತೋ ಪ್ರಯಾಣಿಕನಿಗೆ ಹೇಳಿದ ಹಾಗೆ.

ಹಾಗಾದ್ರೆ ಐದು ಹೊತ್ತು ಅವರು ಹೇಳಿದ ಆಯತ್ (ಕುರ್‌ಆನ್ ವಾಕ್ಯ) ಏನಾಯ್ತು? ನಮ್ಮ ಉಸ್ತಾದರು ಇದನ್ನ ಒಂದೇ ಅಕ್ಷರದಲ್ಲಿ ಬಿಡಿಸಿದ್ರು. "ಬಿಮಾ ಕುನ್ತುಂ ತಅಮಲೂನ್" (ನೀವು ಮಾಡ್ತಿದ್ದ ಕೆಲಸಕ್ಕಾಗಿ) ಅನ್ನೋದ್ರಲ್ಲಿ ಇರೋ "ಬಿ". ಅರಬಿಯಲ್ಲಿ ಆ "ಬಿ"ಗೆ ಎರಡು ಅರ್ಥ ಬರುತ್ತೆ. ಒಂದು ಬೆಲೆ: ಇಷ್ಟು ರೂಪಾಯಿಗೆ ಇಷ್ಟು ಅಕ್ಕಿ. ಇನ್ನೊಂದು ಕಾರಣ: ಮಳೆಯಿಂದ ಹುಲ್ಲು ಚಿಗುರ್ತು. ಆಯತ್ತಿನಲ್ಲಿರೋದು ಕಾರಣದ "ಬಿ". ಹದೀಸ್ ಇಲ್ಲ ಅಂತಿರೋದು ಬೆಲೆಯ "ಬಿ"ಯನ್ನ. ಅಮಲ್ ಕಾರಣ ಹೌದು, ಬೆಲೆ ಅಲ್ಲ. ಇಮಾಮ್ ನವವಿ ಅವರೂ ಎರಡಕ್ಕೂ ಜಗಳ ಇಲ್ಲ ಅಂತಾರೆ: ಅಮಲ್‌ನಿಂದಲೇ ಒಳಗೆ ಹೋಗೋದು, ಆದ್ರೆ ಅಮಲ್ ಮಾಡೋ ಬುದ್ಧಿ ಬಂದದ್ದೂ ಅದು ಕಬೂಲ್ ಆದದ್ದೂ ರಹ್ಮತ್‌ನಿಂದ. ಆ 7:43ನ್ನೇ ಮೊದಲಿಂದ ಓದಿ ನೋಡಿ. ಜನ್ನತ್ತಿನವರು ಮೊದಲು ಹೇಳೋದು, "ಅಲ್ಲಾಹ್ ದಾರಿ ತೋರಿಸದೆ ಇದ್ದಿದ್ರೆ ನಾವು ಇಲ್ಲಿಗೆ ಬರ್ತಿರ್ಲಿಲ್ಲ" ಅಂತ. ಅವರು ರಹ್ಮತ್ ಅಂತಾರೆ, ಅವರಿಗೆ ಸಿಗೋ ಉತ್ತರ ಅಮಲ್ ಅಂತ. ಎರಡೂ ಒಂದೇ ಆಯತ್ತಿನಲ್ಲಿ.

ಇನ್ನು ಗಝಾಲಿ ಇಮಾಮರು (ನಿಧನ 1111) ಭಯ, ಭರವಸೆ ಬಗ್ಗೆ ಬರೆಯೋವಾಗ ಕೊಟ್ಟ ಹೋಲಿಕೆ ನಮ್ಮ ತೋಟದವರಿಗೇ ಬರೆದ ಹಾಗಿದೆ. ಒಳ್ಳೇ ಭೂಮಿ ಉತ್ತು, ಒಳ್ಳೇ ಬೀಜ ಹಾಕಿ, ನೀರು ಬಿಟ್ಟು, ಕಳೆ ಕಿತ್ತು, ಆಮೇಲೆ ಸಿಡಿಲು ಹುಳ ಬರದೆ ಇರ್ಲಿ ಅಂತ ಅಲ್ಲಾಹನ ಕಡೆ ನೋಡೋದು ಭರವಸೆ. ಚೌಳು ನೆಲಕ್ಕೆ ಬೀಜ ಎರಚಿ ಸುಗ್ಗಿ ಕಾಯೋದು ಮೂರ್ಖತನ. ನಾವು ಕಪಾತು ಮಾಡ್ತೀವಿ, ಗೊಬ್ಬರ ಹಾಕ್ತೀವಿ, ನೆರಳು ತೆಗೀತೀವಿ. ಮೊಗ್ಗು ಕಟ್ಟಿ ನಿಲ್ಲುತ್ತೆ. ಅದನ್ನ ಅರಳಿಸೋ ಹೂ ಮಳೆ ನಮ್ಮ ಕೈಲಿದೆಯಾ?

ಒಂದೆಕ್ರೆ ರೋಬಸ್ಟಾ
ಭಾನುವಾರ, ರಾತ್ರಿ 11:21

ಉಸ್ತಾದ್ರೆ, ನಿಮ್ಮ ಗಝಾಲಿಯವರಿಗೆ ಸ್ಪ್ರಿಂಕ್ಲರ್ ಗೊತ್ತಿರ್ಲಿಲ್ಲ ಅನ್ಸುತ್ತೆ 😀 ಈಗ ಹೂ ಮಳೆಗೆ ಯಾರು ಕಾಯ್ತಾರೆ? ಡೀಸೆಲ್ ಹಾಕು, ಜೆಟ್ ಬಿಡು, ಒಂಬತ್ತನೇ ದಿನ ತೋಟ ಬೆಳ್ಳಗೆ.

ಉಸ್ತಾದ್ ಅಲ್ಲ
ಭಾನುವಾರ, ರಾತ್ರಿ 11:30

ಆ ಜೆಟ್ಟಿನ ನೀರು ಯಾವ ಕೆರೆಯದು ಅಣ್ಣ? ಹೋದ ಮಳೆಗಾಲದ್ದು ತಾನೆ?

ಒಂದೆಕ್ರೆ ರೋಬಸ್ಟಾ
ಭಾನುವಾರ, ರಾತ್ರಿ 11:32

ಸೋತೆ. ಮಲಗ್ತೀನಿ.

ಹಾಸನದ ಟೀಚರ್
ಸೋಮವಾರ, ಬೆಳಿಗ್ಗೆ 6:40

ನಿವೃತ್ತ ಉರ್ದು ಶಾಲೆ ಶಿಕ್ಷಕಿ. ಬೆಳಿಗ್ಗೆ ಚಹಾ ಆಗೋದ್ರೊಳಗೆ ಬರೀತಿದ್ದೀನಿ, ಉದ್ದ ಆದ್ರೆ ಕ್ಷಮಿಸಿ.

ಮೊಮ್ಮಗನ ಪ್ರಶ್ನೆ ಇದೆಯಲ್ಲ, ಹಾಜರಿ ಹಾಕಿದ ಮೇಲೆ ಬಟವಾಡೆ ಆಗ್ಲೇಬೇಕು ಅನ್ನೋದು, ಅದು ಸಣ್ಣ ಪ್ರಶ್ನೆ ಅಲ್ಲ ಬೇಟಾ. ಇಸ್ಲಾಮಿನ ಎರಡನೇ ಶತಮಾನದಲ್ಲೇ ಬಸರಾದಲ್ಲಿ ಇದರ ಮೇಲೆ ದೊಡ್ಡ ಚರ್ಚೆ ನಡೀತು. ಮುಅತಜಿಲಾ ಅಂತ ಒಂದು ಪಂಥ. ಅವರ ವಾದ ನಿನ್ನದೇ: ಅಲ್ಲಾಹ್ ನ್ಯಾಯವಂತ, ಮಾತು ಕೊಟ್ಟಿದ್ದಾನೆ, ಒಳ್ಳೇದು ಮಾಡಿದವನಿಗೆ ಪ್ರತಿಫಲ ಕೊಡೋದು ಅವನಿಗೆ ಕಡ್ಡಾಯ, ತೌಬಾ (ಪಶ್ಚಾತ್ತಾಪ) ಮಾಡದೆ ಸತ್ತ ದೊಡ್ಡ ಪಾಪಿಗೆ ಶಿಕ್ಷೆಯೂ ಕಡ್ಡಾಯ. ಕೇಳೋಕೆ ಎಷ್ಟು ಚೊಕ್ಕ!

ಇಮಾಮ್ ಅಶ್‌ಅರಿ (ನಿಧನ 936) ಮೊದಲು ಇದೇ ಪಂಥದವರು, ಜುಬ್ಬಾಯಿ ಅನ್ನೋ ಗುರುಗಳ ಶಿಷ್ಯ. ಅವರು ಗುರುವನ್ನ ಬಿಟ್ಟಿದ್ದಕ್ಕೆ ಒಂದು ಪ್ರಸಿದ್ಧ ಕಥೆ ಹೇಳ್ತಾರೆ. ಮೂರು ಜನ ಅಣ್ಣತಮ್ಮಂದಿರು. ಒಬ್ಬ ಪುಣ್ಯವಂತ, ಒಬ್ಬ ಪಾಪಿ, ಒಬ್ಬ ಕೂಸಾಗಿರುವಾಗಲೇ ಸತ್ತ. ಕೂಸು ಕೇಳುತ್ತೆ, ನನ್ನನ್ನೂ ಬದುಕಿಸಿದ್ರೆ ನಾನೂ ಅಮಲ್ ಮಾಡಿ ಅಣ್ಣನ ದರ್ಜೆಗೆ ಏರ್ತಿದ್ದೆನಲ್ಲ? ಗುರು ಹೇಳ್ತಾರೆ, ನೀನು ದೊಡ್ಡವನಾಗಿ ಪಾಪಿ ಆಗ್ತಿದ್ದೆ, ನಿನ್ನ ಒಳ್ಳೇದಕ್ಕೇ ಮೊದಲೇ ಕರೆಸಿಕೊಂಡೆ ಅಂತ ಅಲ್ಲಾಹ್ ಹೇಳ್ತಾನೆ. ತಕ್ಷಣ ಆ ಕಡೆಯಿಂದ ಪಾಪಿ ಕೂಗ್ತಾನೆ, ಹಾಗಾದ್ರೆ ನನ್ನನ್ಯಾಕೆ ಕೂಸಲ್ಲೇ ಕರೆಸಿಕೊಳ್ಳಲಿಲ್ಲ? ಗುರುವಿನ ಬಾಯಿ ಕಟ್ಟಿತು.

ಲೆಕ್ಕದ ಪುಸ್ತಕ ಹಿಡಿದು ದೇವರನ್ನ ಕೂರಿಸಿದ್ರೆ ಲೆಕ್ಕ ಕೊನೆಗೂ ಕೂಡೋದಿಲ್ಲ ಅನ್ನೋದು ಅಲ್ಲಿಂದ ಬಂದ ಮಾತು. ಉರ್ದು ಮಾತಾಡೋ ನಾವು ಹನಫಿಗಳು ಮಾತುರೀದಿ ಇಮಾಮರನ್ನ ಹಿಡೀತೀವಿ, ಬ್ಯಾರಿಗಳು ಶಾಫಿಈ, ಅಶ್‌ಅರಿ ಇಮಾಮರ ದಾರಿ. ಬೇರೆ ಎಷ್ಟೋ ವಿಷಯಕ್ಕೆ ವ್ಯತ್ಯಾಸ ಇದೆ. ಇದೊಂದರಲ್ಲಿ ಇಬ್ಬರೂ ಒಂದೇ: ಅಲ್ಲಾಹ್ ಯಾರಿಗೂ ಸಾಲಗಾರ ಅಲ್ಲ. ಹಾಗಂತ ಮನಸ್ಸು ಬಂದ ಹಾಗೆ ಮಾಡೋನೂ ಅಲ್ಲ. "ನಿಮ್ಮ ರಬ್ ರಹ್ಮತ್ತನ್ನ ತನ್ನ ಮೇಲೆ ತಾನೇ ಬರೆದುಕೊಂಡಿದ್ದಾನೆ" ಅಂತ ಕುರ್‌ಆನ್ (6:54). ಬೇರೆಯವರು ಹೇರಿದ ಕಡ್ಡಾಯ ಬೇರೆ, ತಾನೇ ಕೊಟ್ಟ ಮಾತು ಬೇರೆ. ಸಾಹುಕಾರ್ರು ಕೂಲಿ ಕೊಡೋದಕ್ಕೂ ತಾಯಿ ಅನ್ನ ಹಾಕೋದಕ್ಕೂ ವ್ಯತ್ಯಾಸ ಇಲ್ವಾ? ತಾಯಿ ಹಾಕೇ ಹಾಕ್ತಾಳೆ ಅಂತ ಮಗುವಿಗೆ ಗೊತ್ತು. ಆದ್ರೆ ಅದು ಕೂಲಿ ಅಲ್ಲ.

ಹಳಬರ ಇನ್ನೊಂದು ಮಾತು ನನಗಿಷ್ಟ: ಬೆಂಕಿಯಿಂದ ಬಚಾವಾಗೋದು ಕ್ಷಮೆಯಿಂದ, ಜನ್ನತ್ತಿನ ಒಳಗೆ ಹೋಗೋದು ರಹ್ಮತ್‌ನಿಂದ, ಒಳಗೆ ಯಾರ್ಯಾರಿಗೆ ಯಾವ ದರ್ಜೆ ಅನ್ನೋದು ಅಮಲ್‌ನಿಂದ.

ಚಹಾ ಉಕ್ಕಿತು. ಬರ್ತೀನಿ.

ಹೆಬ್ಬಾರ್ ಮಾವ, ಬೇಲೂರು
ಸೋಮವಾರ, ಬೆಳಿಗ್ಗೆ 8:15

ನಮ್ಮ ಮನೆ ಜಗಳ ಇಲ್ಲಿಗೂ ಬಂತಲ್ಲ! ಶ್ರೀವೈಷ್ಣವರಲ್ಲಿ ವಡಗಲೈನವರು ಕೋತಿ ಮರಿ ನ್ಯಾಯ ಅಂತಾರೆ, ಮರಿ ತಾಯಿಯ ಹೊಟ್ಟೆ ಗಟ್ಟಿ ಹಿಡ್ಕೋಬೇಕು. ತೆಂಗಲೈನವರದ್ದು ಬೆಕ್ಕಿನ ಮರಿ ನ್ಯಾಯ, ಅದು ಸುಮ್ನೆ ಮಿಯಾಂವ್ ಅಂದ್ರೆ ಸಾಕು, ತಾಯಿ ಕಚ್ಚಿಕೊಂಡು ಹೋಗ್ತಾಳೆ. ಐದು ಹೊತ್ತು ಅವರು ಕೋತಿ ಪಕ್ಷ, ಹಜರತ್ತರು ಬೆಕ್ಕಿನ ಪಕ್ಷ, ಟೀಚರಮ್ಮ ಎರಡೂ ಪಕ್ಷಕ್ಕೆ ಚಹಾ ಕೊಟ್ರು.

ನಿರ್ವಾಹಕ
ಸೋಮವಾರ, ಬೆಳಿಗ್ಗೆ 8:40

ಚರ್ಚೆ ಚೆನ್ನಾಗಿ ನಡೀತಿದೆ, ಹೀಗೇ ಇರ್ಲಿ. ಬಾಬಾಬುಡನ್ ಗಿರಿ ಮೇಲಿನ ವಿವಾದ ಎತ್ತಿದ ಎರಡು ಪೋಸ್ಟ್ ತೆಗೆದಿದ್ದೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮತ್ತೆ ಹಾಕಿದ್ರೆ ಗುಂಪಿಂದಲೇ ತೆಗೀತೀನಿ.

ಬೆಳಗೊಳದವನು
ಸೋಮವಾರ, ಮಧ್ಯಾಹ್ನ 1:10

ನಾನು ಜೈನ. ನಮ್ಮ ಸಿದ್ಧಾಂತದಲ್ಲಿ ಈ ಸಮಸ್ಯೆಯೇ ಹುಟ್ಟೋದಿಲ್ಲ ಅಂತ ಬರೆಯೋಕೆ ಬಂದೆ. ತೀರ್ಥಂಕರರು ಕೊಡೋದೂ ಇಲ್ಲ, ಕ್ಷಮಿಸೋದೂ ಇಲ್ಲ. ಕಟ್ಟಿಕೊಂಡ ಕರ್ಮವನ್ನ ನಾವೇ ಸವೆಸಬೇಕು. ಬೆಟ್ಟದ ಮೇಲಿನ ಸ್ವಾಮಿ 981ರಿಂದ ಕೈ ಇಳಿಬಿಟ್ಟುಕೊಂಡೇ ನಿಂತಿದ್ದಾನೆ, ಯಾರಿಗೂ ಕೈ ಎತ್ತಿ ವರ ಕೊಟ್ಟಿಲ್ಲ.

ಬರೆಯೋವಾಗ ಒಂದು ನೆನಪಾಗಿ ಬೆರಳು ನಿಂತಿತು. ಆ ಬಾಹುಬಲಿಯೇ ಒಂದು ವರ್ಷ ಪೂರ್ತಿ ನಿಂತು, ಮೈಮೇಲೆ ಬಳ್ಳಿ ಹಬ್ಬಿದ್ರೂ ಕೇವಲಜ್ಞಾನ (ಪೂರ್ಣ ಜ್ಞಾನ) ಆಗ್ಲಿಲ್ಲ. ಮನಸ್ಸಲ್ಲಿ ಅಣ್ಣನ ವಿಷಯಕ್ಕೆ ಒಂದು ಸಣ್ಣ ಮುಳ್ಳು ಉಳಿದಿತ್ತು. ಭರತ ಬಂದು ನಮಸ್ಕರಿಸಿದ ಮೇಲೆ ಅದು ಬಿತ್ತು. ಅಷ್ಟು ತಪಸ್ಸಿಗೆ ಆಗದ್ದು ಅಣ್ಣ ತಮ್ಮನ ನಡುವೆ ಆಯ್ತು.

ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಅಂತ ಮಾಡ್ತೀವಿ. ಕ್ಷಮೆ ಕೇಳೋದು ದೇವರ ಹತ್ರ ಅಲ್ಲ, ಮನುಷ್ಯರ ಹತ್ರ. ನಿಮ್ಮಲ್ಲಿ ಇಂಥದ್ದು ಇದೆಯಾ?

ಉಸ್ತಾದ್ ಅಲ್ಲ
ಸೋಮವಾರ, ಮಧ್ಯಾಹ್ನ 1:45

ಹಬ್ಬ ಅಂತ ಇಲ್ಲ. ಹಜ್‌ಗೆ ಹೊರಡೋ ಮೊದಲು ಮನೆಮನೆಗೆ ಹೋಗಿ "ಹೇಳಿದ್ದು ಕೇಳಿದ್ದು ಮಾಫ್ ಮಾಡಿ" ಅಂತೀವಿ. ಆದ್ರೆ ನಿಯಮ ಬಹಳ ಗಟ್ಟಿ ಇದೆ. ಅಲ್ಲಾಹನ ಹಕ್ಕು ಬೇರೆ, ಬಂದೆಗಳ (ಮನುಷ್ಯರ) ಹಕ್ಕು ಬೇರೆ. ಮೊದಲನೆಯದನ್ನ ಅವನು ಮಾಫ್ ಮಾಡ್ತಾನೆ. ಎರಡನೆಯದಕ್ಕೆ ಯಾರ ಹಕ್ಕೋ ಅವರ ಹತ್ರವೇ ಹೋಗ್ಬೇಕು. ಮುಸ್ಲಿಂ ಹದೀಸ್ ಸಂಗ್ರಹದಲ್ಲಿದೆ, ದಿವಾಳಿ ಯಾರು ಗೊತ್ತಾ ಅಂತ ಪ್ರವಾದಿ(ಸ) ಕೇಳಿದ್ರು. ದುಡ್ಡಿಲ್ಲದವನು ಅಂದ್ರು ಸಹಾಬಿಗಳು. ಅಲ್ಲ, ನಮಾಜ್ ರೋಜಾ ಜಕಾತ್ ಎಲ್ಲ ಹೊತ್ತುಕೊಂಡು ಬಂದು, ಒಬ್ಬನಿಗೆ ಬೈದು, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿ, ಮತ್ತೊಬ್ಬನ ಸೊತ್ತು ತಿಂದಿರೋನು. ಅವನ ನೇಕಿಯನ್ನ (ಪುಣ್ಯ) ಅವರವರಿಗೆ ಹಂಚಲಾಗುತ್ತೆ. ನೇಕಿ ಮುಗಿದ್ರೆ ಅವರ ಪಾಪ ಇವನ ತಲೆಗೆ.

ಗೌಡ್ರ ಮಗ, ಆಲ್ದೂರು
ಸೋಮವಾರ, ಸಂಜೆ 4:20

ಒರಟಾಗಿ ಕೇಳ್ತೀನಿ, ಬೇಜಾರಾಗ್ಬೇಡಿ. ನಮ್ಮಪ್ಪ ಊರಿಗೆಲ್ಲ ಬಾವಿ ತೋಡಿಸಿಕೊಟ್ಟೋರು, ಸಾಬ್ರ ಕೇರಿಗೂ ಸೇರಿ. ಕಲಿಮಾ (ಇಸ್ಲಾಮಿನ ನಂಬಿಕೆಯ ವಚನ) ಹೇಳಿದವರಲ್ಲ. ನಿಮ್ಮ ರಹ್ಮತ್‌ನಲ್ಲಿ ಅವರಿಗೆ ಜಾಗ ಇದೆಯಾ ಇಲ್ವಾ? ಇಲ್ಲ ಅಂದ್ರೆ ಈ ರಹ್ಮತ್ ಮಾತೆಲ್ಲ ಮನೆಯವರಿಗೆ ಮಾತ್ರ ಬಡಿಸೋ ಊಟ.

ಉಸ್ತಾದ್ ಅಲ್ಲ
ಸೋಮವಾರ, ಸಂಜೆ 5:02

ನೀವು ಕೇಳಿದ್ದು ಸರಿ, ಬಣ್ಣ ಹಚ್ಚದೆ ಹೇಳ್ತೀನಿ. ಶಿರ್ಕ್ (ಅಲ್ಲಾಹನಿಗೆ ಬೇರೆಯವರನ್ನ ಸಮ ಮಾಡೋದು) ಒಂದನ್ನ ಬಿಟ್ಟು ಬೇರೆಲ್ಲ ಕ್ಷಮಿಸಬಹುದು ಅಂತ ಕುರ್‌ಆನಲ್ಲಿದೆ (4:48). ಈಮಾನ್ (ನಂಬಿಕೆ) ಇಲ್ಲದೆ ನಜಾತ್ (ಮುಕ್ತಿ) ಇಲ್ಲ ಅನ್ನೋದು ಮುಖ್ಯಧಾರೆಯ ಉಲಮಾಗಳ (ಧರ್ಮ ವಿದ್ವಾಂಸರ) ಮಾತು. ಜೊತೆಗೆ ದೂತರನ್ನ ಕಳಿಸದೆ ನಾವು ಶಿಕ್ಷಿಸೋದಿಲ್ಲ ಅಂತಲೂ ಇದೆ (17:15). ಅದನ್ನ ಹಿಡಿದು ಗಝಾಲಿ ಇಮಾಮರು, ಸಂದೇಶ ಮುಟ್ಟದವರೂ, ತಿರುಚಿದ ರೂಪದಲ್ಲಿ ಮಾತ್ರ ಕೇಳಿಸಿಕೊಂಡವರೂ ಕ್ಷಮೆಗೆ ಅರ್ಹರು ಅಂತ ಬರೆದ್ರು. ಅಷ್ಟು ದೂರ ಹೋಗದವರು ಬಹಳ ಜನ ಇದ್ದಾರೆ. ನಿಮ್ಮಪ್ಪ ಎಲ್ಲಿ ಸೇರ್ತಾರೆ ಅಂತ ಬರೆಯೋ ಚೆಕ್‌ರೋಲ್ ನನ್ನ ಕೈಲಿಲ್ಲ, ಯಾವ ಹಜರತ್ತರ ಕೈಲೂ ಇಲ್ಲ. ನಾಯಿಗೆ ಬಾವಿ ನೀರು ಕುಡಿಸಿದ ಒಬ್ಬ ವೇಶ್ಯೆಯನ್ನ ಅಲ್ಲಾಹ್ ಕ್ಷಮಿಸಿದ ಅನ್ನೋದು ಬುಖಾರಿಯಲ್ಲೇ ಇದೆ. ಅದೂ ಬಾವಿ ನೀರೇ.

ಗೌಡ್ರ ಮಗ, ಆಲ್ದೂರು
ಸೋಮವಾರ, ಸಂಜೆ 5:15

ಪೂರ್ತಿ ಒಪ್ಪಿಗೆ ಇಲ್ಲ. ಮುಚ್ಚಿಡದೆ ಹೇಳಿದ್ರಲ್ಲ, ಸಾಕು.

ಹಾಸನದ ಟೀಚರ್
ಸೋಮವಾರ, ಸಂಜೆ 6:55

ಮಗ್ರಿಬ್ (ಸಂಜೆ ನಮಾಜ್) ಆಯ್ತು. ಬೆಳಿಗ್ಗೆಯಿಂದ ದಾದಾನ ಹೆದರಿಕೆ ನನ್ನ ತಲೇಲೇ ಇದೆ.

ಬೇಟಾ, ಒಳ್ಳೆಯವರು ಕೊನೇಲಿ ಹೆದರೋದು ಹೊಸದಲ್ಲ. 644ರಲ್ಲಿ ಎರಡನೇ ಖಲೀಫಾ ಹಜರತ್ ಉಮರ್ ಅವರಿಗೆ ನಮಾಜಿನಲ್ಲೇ ಚೂರಿ ಹಾಕಿದ್ರು. ಮಲಗಿದ್ದಾಗ ಒಬ್ಬ ಹುಡುಗ ಬಂದು, ನೀವು ಪ್ರವಾದಿಯವರ ಸಂಗಾತಿ, ನ್ಯಾಯವಾಗಿ ಆಳಿದ್ರಿ, ಈಗ ಶಹಾದತ್ (ಹುತಾತ್ಮರ ಸಾವು) ಸಿಕ್ಕಿದೆ, ಸಂತೋಷಪಡಿ ಅಂದ. ಉಮರ್ ಹೇಳಿದ್ದು: ಅದೆಲ್ಲ ಸರಿಗೆ ಸರಿ ಆಗಿ, ನನಗೆ ಬರಬೇಕಾದ್ದೂ ಇಲ್ಲ, ನನ್ನ ಮೇಲೆ ಹೊರೆಯೂ ಇಲ್ಲ ಅನ್ನೋ ಹಾಗೆ ಮುಗಿದ್ರೆ ಸಾಕು. ಅಂಥ ಉಮರ್!

ಬುಖಾರಿಯಲ್ಲಿ ಅದೇ ಪ್ರಸಂಗದ ಮುಂದಿನ ಮಾತು ಬಹಳ ಜನ ಓದೋದಿಲ್ಲ. ಅವರು ಮಗನನ್ನ ಕರೆದು, ಅಬ್ದುಲ್ಲಾ, ನನ್ನ ಮೇಲೆ ಎಷ್ಟು ಸಾಲ ಇದೆ ಲೆಕ್ಕ ಹಾಕು ಅಂತಾರೆ. 86 ಸಾವಿರದಷ್ಟು ಬರುತ್ತೆ. ಮನೆಯವರ ಸೊತ್ತಿಂದ ತೀರಿಸು, ಸಾಲದಿದ್ರೆ ಕುಲದವರನ್ನ ಕೇಳು, ಅದೂ ಸಾಲದಿದ್ರೆ ಕುರೈಶ್ ಬುಡಕಟ್ಟಿನವರನ್ನ ಕೇಳು ಅಂತ ಹೇಳಿ ಮುಗಿಸ್ತಾರೆ. ರಹ್ಮತ್ ಬೇಡೋ ಮನುಷ್ಯ ಲೆಕ್ಕದ ಪುಸ್ತಕ ತರಿಸ್ತಾನೆ.

ನಿಮ್ಮ ದಾದಾ ಬರೀ "ಖಾಲಿ ಕೈ" ಅಂದ್ರಾ? ಬೇರೇನಾದ್ರೂ ಹೇಳಿದ್ರಾ?

ಮೂಡಿಗೆರೆ ಮೊಮ್ಮಗ
ಸೋಮವಾರ, ರಾತ್ರಿ 10:38

ಟೀಚರ್, ನಿಮ್ಮ ಕೊನೇ ಸಾಲು ಓದಿ ಮೂರು ಗಂಟೆ ಫೋನ್ ಕೆಳಗಿಟ್ಟಿದ್ದೆ.

ಹೇಳಿದ್ರು. "ಅರ್ಧ ಹಾಜರಿ, ಅರ್ಧ ಹಾಜರಿ" ಅನ್ನೋರು. ಜ್ವರದಲ್ಲಿ ಹಳೇ ಕೆಲಸದ ಬಡಬಡಿಕೆ ಅಂದ್ಕೊಂಡ್ವಿ. ಜಿಯಾರತ್ ಆದ ಮಾರನೇ ದಿನ ಅವರ ಟ್ರಂಕ್ ತೆಗೆದಾಗ ಒಂದು ಸಣ್ಣ ಡೈರಿ ಸಿಕ್ತು, 1994ದು. ಕೊನೇ ಹಾಳೇಲಿ ಒಬ್ಬ ಹೆಂಗಸಿನ ಹೆಸರು. ಕೆಳಗೆ ಐದೈದರ ಗುಂಪಲ್ಲಿ ಗೀಟು. ಎಣಿಸಿದೆ, 61.

ಅಬ್ಬಾನ ಕೇಳಿದೆ. ಮೊದಲು ಗೊತ್ತಿಲ್ಲ ಅಂದ್ರು, ಆಮೇಲೆ ಹೇಳಿದ್ರು. ಆ ಹೆಂಗಸು ಲೈನಲ್ಲಿ (ಎಸ್ಟೇಟ್ ಆಳುಗಳ ಮನೆ ಸಾಲು) ಇದ್ದವರು, ಬಾಣಂತನ ಮುಗಿಸಿ ಕೆಲಸಕ್ಕೆ ಬಂದಿದ್ರು. ಹತ್ತು ಗಂಟೆಗೆ ಕೂಸಿಗೆ ಹಾಲು ಕೊಡೋಕೆ ಪಟ್ಟೆ (ತೋಟದಲ್ಲಿ ಕೆಲಸ ಮಾಡೋ ಸಾಲು) ಬಿಟ್ಟು ಹೋಗೋರು. ಆ ಹೊತ್ತನ್ನ ಸಂಜೆ ನಿಂತು ತುಂಬಿಸಿಕೊಡ್ತಿದ್ರಂತೆ. ಆದ್ರೂ ಅವರಿಗೆ ಅರ್ಧ ಆಳು (ಅರ್ಧ ದಿನದ ಕೂಲಿ) ಬರೆಯೋಕೆ ಸಾಹುಕಾರ್ರು ಹೇಳಿದ್ರು. ದಾದಾ ಬರೆದ್ರು. ಬರೆದದ್ದನ್ನೆಲ್ಲ ಮನೆಗೆ ಬಂದು ಈ ಡೈರಿಲಿ ಗೀಟು ಹಾಕಿದ್ರು. ಯಾಕೆ ಹಾಕಿದ್ರು, ಕೊಡೋಣ ಅಂತಲೋ, ಬರೀ ನೆನಪಿಗೋ, ನನಗೆ ಗೊತ್ತಿಲ್ಲ. ಮೂವತ್ತು ವರ್ಷ ಟ್ರಂಕಲ್ಲಿತ್ತು. ಹಜ್‌ಗೆ ಹೋಗೋವಾಗಲೂ ಅದೇ ಟ್ರಂಕಲ್ಲಿತ್ತು.

ಅಬ್ಬಾ ಅಂತಾರೆ, ದುಡ್ಡು ಉಳಿದಿದ್ದು ಸಾಹುಕಾರ್ರಿಗೆ, ಅಪ್ಪ ಹೇಳಿದ ಕೆಲಸ ಮಾಡಿದ್ರು, ಇದನ್ನ ಕೆದಕಬೇಡ, ಸತ್ತವರ ಮರ್ಯಾದೆ ಪ್ರಶ್ನೆ.

ಮೊದಲ ಪೋಸ್ಟಲ್ಲಿ ಇದನ್ನ ಬರೀಲಿಲ್ಲ. ಬರೀಬೇಕಿತ್ತು. ಬಟವಾಡೆ ಯಾಕೆ ಕೊಡಲ್ಲ ಅಂತ ಅಲ್ಲಾಹನ ಮೇಲೆ ಸಿಟ್ಟು ಮಾಡಿಕೊಂಡು ಕೂತವನು ನಾನು.

ಐದು ಹೊತ್ತು
ಸೋಮವಾರ, ರಾತ್ರಿ 11:10

ನಿನ್ನೆ "ಚಿಂತೆ ಬಿಡು" ಅಂದಿದ್ದೆ. ಆ ಮಾತು ವಾಪಸ್ ತಗೋತೀನಿ.

ಖಿಯಾಮತ್ ದಿನ ಮೂರು ಜನರಿಗೆ ನಾನೇ ಎದುರು ಕಕ್ಷಿ ಅಂತ ಅಲ್ಲಾಹ್ ಹೇಳಿದ್ದು ಬುಖಾರಿಯಲ್ಲಿದೆ. ನನ್ನ ಹೆಸರಲ್ಲಿ ಮಾತು ಕೊಟ್ಟು ಮುರಿದವನು, ಸ್ವತಂತ್ರ ಮನುಷ್ಯನನ್ನ ಮಾರಿ ದುಡ್ಡು ತಿಂದವನು, ಕೂಲಿಯವನ ಹತ್ರ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನು. ಕೊಡದವನು ಸಾಹುಕಾರ, ಬರೆದ ಕೈ ನಿಮ್ಮ ದಾದಾದು. ಎಷ್ಟು ಪಾಲು ಯಾರದ್ದು ಅಂತ ನಾನು ಹೇಳಲಾರೆ. ಆದ್ರೆ ಮಗಾ, ಶಹೀದನಿಗೂ ಎಲ್ಲ ಮಾಫ್ ಇದೆ, ಸಾಲ ಮಾತ್ರ ಇಲ್ಲ. ಅಪ್ಪನ ಮಾತು ಮೀರು ಅಂತ ಹೇಳೋಕೂ ನನಗೆ ಬಾಯಿ ಬರ್ತಿಲ್ಲ. ದುಆ ಮಾಡ್ತೀನಿ.

ಉಸ್ತಾದ್ ಅಲ್ಲ
ಮಂಗಳವಾರ, ಬೆಳಿಗ್ಗೆ 5:50

ರಾತ್ರಿ ನಿದ್ದೆ ಬರ್ಲಿಲ್ಲ ಮಾರಾಯ್ರೆ.

ಪ್ರವಾದಿ(ಸ) ಅವರ ಮುಂದೆ ಒಂದು ಮಯ್ಯತ್ (ಶವ) ತಂದ್ರು. ಸಾಲ ಇದೆಯಾ ಅಂತ ಕೇಳಿದ್ರು. ಮೂರು ದೀನಾರ್ ಇದೆ ಅಂದ್ರು. ಹಾಗಾದ್ರೆ ನೀವೇ ನಮಾಜ್ ಮಾಡಿಕೊಳ್ಳಿ ಅಂತ ಹಿಂದೆ ಸರಿದ್ರು. ಅಬೂ ಖತಾದಾ ಅನ್ನೋ ಸಹಾಬಿ "ಅದು ನನ್ನ ಮೇಲಿರ್ಲಿ" ಅಂದ ಮೇಲೆ ನಿಂತು ನಮಾಜ್ ಮಾಡಿಸಿದ್ರು. ಅಂದ್ರೆ ಸತ್ತವನ ಸಾಲ ಬದುಕಿದವನು ಹೊರಬಹುದು. ಬಾಗಿಲು ಮುಚ್ಚಿಲ್ಲ.

ಕಾನೂನು ಇಷ್ಟು: ಆ ಹೆಂಗಸು ಇದ್ರೆ ಅವರಿಗೆ, ಇಲ್ಲದಿದ್ರೆ ವಾರಸುದಾರರಿಗೆ, ಎಷ್ಟು ಹುಡುಕಿದ್ರೂ ಯಾರೂ ಸಿಗದಿದ್ರೆ ಅವರ ಹೆಸರಲ್ಲಿ ದಾನ. ಅವರು ಯಾವ ಜಾತಿ, ಯಾವ ಧರ್ಮ ಅನ್ನೋದು ಇಲ್ಲಿ ಬರೋದೇ ಇಲ್ಲ.

ಎಷ್ಟು ಕೊಡ್ಬೇಕು? ಬಾಕಿ ಇದ್ದದ್ದು ಅವತ್ತಿನ ಕೂಲಿ, ಕಿತಾಬಿನ ಪ್ರಕಾರ ಅಷ್ಟೇ ಸಾಲ ಅಂತ ವಾದ ಮಾಡಬಹುದು. ನನಗೆ ಗುಹೆಯ ಹದೀಸ್ ನೆನಪಾಗುತ್ತೆ. ಮೂರು ಜನ ಗುಹೆಯಲ್ಲಿ ಸಿಕ್ಕಿಬಿದ್ರು, ಬಂಡೆ ಬಾಯಿ ಮುಚ್ಚಿತು. ಒಬ್ಬೊಬ್ಬರೂ ತಾವು ಮಾಡಿದ ಒಂದು ಒಳ್ಳೇ ಕೆಲಸ ಹೇಳಿ ಬೇಡ್ಕೊಂಡ್ರು. ಒಬ್ಬನ ಆಳು ಕೂಲಿ ಧಾನ್ಯ ಬಿಟ್ಟು ಹೋಗಿದ್ದ. ಇವನು ಅದನ್ನ ಬಿತ್ತಿದ, ಬೆಳೆದು ಬೆಳೆದು ಅದು ದನದ ಹಿಂಡಾಯ್ತು. ವರ್ಷಗಳ ಮೇಲೆ ಆಳು ಬಂದು ನನ್ನ ಕೂಲಿ ಕೊಡು ಅಂದಾಗ, ಆ ಹಿಂಡೆಲ್ಲ ನಿನ್ನದೇ ಹೊಡಕೊಂಡು ಹೋಗು ಅಂದ. ತಮಾಷೆ ಮಾಡ್ಬೇಡ ಅಂದ ಆಳು. ಬಂಡೆ ಸರೀತು. ಸರಿಸಿದ್ದು ಅಲ್ಲಾಹ್, ಇವರ ಅಮಲ್‌ಗೆ ಬಂಡೆ ತಳ್ಳೋ ಶಕ್ತಿ ಎಲ್ಲಿತ್ತು? ಆದ್ರೆ ಬೇಡೋಕೆ ಬಾಯಿ ಬಂದದ್ದು ಆ ಕೂಲಿಯಿಂದ.

ಒಂದೆಕ್ರೆ ರೋಬಸ್ಟಾ
ಮಂಗಳವಾರ, ಬೆಳಿಗ್ಗೆ 7:30

ನನಗೆ ಹದೀಸ್ ಗೊತ್ತಿಲ್ಲ, ಆಳಿನ ಲೆಕ್ಕ ಗೊತ್ತು. 61 ಅರ್ಧ ಅಂದ್ರೆ ಮೂವತ್ತೂವರೆ ಆಳು. ಇವತ್ತಿನ ಹೆಣ್ಣಾಳಿನ ಕೂಲಿಗೆ ಹಾಕಿ, ಆ ಅರ್ಧವನ್ನೂ ಪೂರ್ತಿ ಮಾಡಿ, 31. ಕವರಲ್ಲಿ ಹಾಕಿ ಕೊಡ್ಬೇಡಿ. ಬಟವಾಡೆ ಮಾಡೋ ಹಾಗೆ ಎದುರಿಗೆ ಎಣಿಸಿ ಕೈಗೆ ಕೊಡಿ. ಕವರಲ್ಲಿ ಕೊಟ್ರೆ ಅದು ದಾನ ಆಗುತ್ತೆ.

ಹೆಬ್ಬಾರ್ ಮಾವ, ಬೇಲೂರು
ಮಂಗಳವಾರ, ಬೆಳಿಗ್ಗೆ 7:52

ರೋಬಸ್ಟಾ ಹೇಳಿದ್ದಕ್ಕೆ ನನ್ನದೂ ಒಂದು ಓಟು.

ಮೂಡಿಗೆರೆ ಮೊಮ್ಮಗ
ಮುಂದಿನ ಸೋಮವಾರ, ರಾತ್ರಿ 8:20

ಲೈನಿಗೆ ಹೋಗಿದ್ದೆ. ಆ ಹೆಂಗಸು ತೀರಿಕೊಂಡು ಐದು ವರ್ಷ ಆಗಿದೆ. ದೊಡ್ಡ ಮಗಳು ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ ಅಂತ ಪಕ್ಕದ ಮನೆಯವರು ನಂಬರ್ ಕೊಟ್ರು. ಶನಿವಾರ ಬಸ್ ಹತ್ತಿ ಹೋದೆ. ಶಿಫ್ಟ್ ಮುಗಿಸಿ ಬಂದ್ರು, ಬಸ್ ಸ್ಟ್ಯಾಂಡ್ ಹತ್ರ ಒಂದು ಹೋಟೆಲಲ್ಲಿ ಕೂತ್ವಿ.

ಹೆಸರು ಹೇಳಿ, ರೈಟರ್ ಮೊಮ್ಮಗ ಅಂದೆ. ಮುಖ ಗಟ್ಟಿ ಆಯ್ತು. ಡೈರಿ ತೋರಿಸಿದೆ. ಗೀಟುಗಳ ಮೇಲೆ ಬೆರಳಿಟ್ಟು ಎಣಿಸಿದ್ರು, ನಾನು ಹೇಳಿದ ಲೆಕ್ಕ ನಂಬಲಿಲ್ಲ. "ಕೂಸನ್ನ ಪಟ್ಟೆ ಅಂಚಿಗೆ ಎತ್ಕೊಂಡು ಬರ್ತಿದ್ದೋಳು ನಾನೇ. ನನಗೆ ಆಗ ಎಂಟು ವರ್ಷ. ನಿಮ್ಮ ಅಜ್ಜ ವಾಚ್ ನೋಡೋರು" ಅಂದ್ರು. ಅಷ್ಟೇ. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

31 ಆಳಿನ ಕೂಲಿ ಟೇಬಲ್ ಮೇಲೆ ಎಣಿಸಿ ಕೊಟ್ಟೆ. ಅವರೂ ಇನ್ನೊಂದ್ಸಲ ಎಣಿಸಿಕೊಂಡ್ರು. ದಾದಾನ್ನ ಮಾಫ್ ಮಾಡಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸ್ತಾ ಕೂತಿದ್ರು. "ದುಡ್ಡು ಅಮ್ಮಂದು, ನಾನು ತಗೋಬಹುದು. ಮಾಫಿನೂ ಅಮ್ಮಂದೇ. ಅದನ್ನ ನಾನು ಹೆಂಗೆ ಕೊಡ್ಲಿ?" ಅಂದ್ರು.

ಎದ್ದು ಹೋಗೋವಾಗ ಆ ಹಾಳೆ ಕೊಡ್ತೀರಾ ಅಂತ ಕೇಳಿದ್ರು. ಡೈರಿಯಿಂದ ಹರಿದು ಕೊಟ್ಟೆ. ಮಡಿಸಿ ಪರ್ಸಿಗೆ ಹಾಕ್ಕೊಂಡ್ರು.

ಎರಡು ದಿನ ಆಯ್ತು. ಅಬ್ಬಾಗೆ ಇನ್ನೂ ಹೇಳಿಲ್ಲ.